ಸ್ಮಾರಕದ ಮಗ್ಗುಲಲ್ಲಿ ಸೋರುವ ಮಾಳಿಗೆ: ಕೆಡವುವ ಮೊದಲು ತಿಳಿಯಬೇಕಾದದ್ದು

ಪ್ರಶ್ನೆ: ವಿಜಯಪುರದ ಹಳೆಯ ಊರಿನಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ಮನೆ ಇದೆ. ಕಲ್ಲಿನ ಗೋಡೆ, ಸಾಗವಾನಿ ಕಂಬ, ತೊಲೆ, ಮೇಲೆ ಮಣ್ಣಿನ ಮಾಳಿಗೆ. ಕೂಗಳತೆಯಲ್ಲೇ ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಿದೆ. ಎರಡು ಮಳೆಗಾಲದಿಂದ ಪಡಸಾಲೆ ಸೋರುತ್ತಿದೆ, ಒಂದು ಗೋಡೆ ಹೊರಕ್ಕೆ ಉಬ್ಬಿದೆ. ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಮಾಡಿ ಮಾರಿ ಜೀವನ ನಡೆಸುತ್ತಾರೆ, ಬಿಪಿಎಲ್ ಪಡಿತರ ಚೀಟಿ ಇದೆ. ಗುತ್ತಿಗೆದಾರರು ‘ಎಲ್ಲ ಬಿಚ್ಚಿ ಸ್ಲ್ಯಾಬ್ ಹಾಕೋಣ, ಆವಾಸ್ ಯೋಜನೆಯ ದುಡ್ಡೂ ಬರುತ್ತದೆ’ ಎನ್ನುತ್ತಾರೆ. ಹಳೆಯ ಮನೆಯ ದುರಸ್ತಿಗೆ ಸರ್ಕಾರದ ಅನುದಾನ ಇದೆಯೇ? ಅತ್ತೆಯ ಕೋಣೆಗಳಿಗೆ ಏನಾದರೂ ಸಿಗುತ್ತದೆಯೇ? ಉತಾರ (ಆಸ್ತಿಯ ದಾಖಲೆ) ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ವಾಟ್ನಿ (ಪಾಲು ಹಂಚಿಕೆ) ಆಗಿಲ್ಲ.

ಉತ್ತರ: ಬಿಚ್ಚುವ ಮಾತನ್ನು ಮೊದಲು ಪಕ್ಕಕ್ಕಿಡಿ. ಬಿಚ್ಚಿದರೆ ಅದೇ ಜಾಗದಲ್ಲಿ ಮತ್ತೊಂದು ಗೋಡೆ ಎಬ್ಬಿಸುವ ಅವಕಾಶವನ್ನೇ ನೀವು ಕಳೆದುಕೊಳ್ಳುತ್ತೀರಿ.

ಪ್ರಾಚೀನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಸ್ಮಾರಕದ ಗೋಡೆ, ಗುಮ್ಮಟಗಳಿಂದಲ್ಲ, ಸಂರಕ್ಷಿತ ಜಾಗದ ಅಂಚಿನಿಂದ; ಇದನ್ನು ತಪ್ಪು ತಿಳಿದು ತೊಂದರೆಗೆ ಸಿಕ್ಕಿದವರು ಬಹಳ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಹೊಸದಾಗಿ ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡವಿಲ್ಲ, ಮೇಲೊಂದು ಅಂತಸ್ತಿಲ್ಲ, ಪಕ್ಕಕ್ಕೆ ಒಂದು ಕೋಣೆಯೂ ಇಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಲು, ನವೀಕರಿಸಲು ಮಾತ್ರ ಅವಕಾಶವಿದೆ. ಬಿಚ್ಚಿ ಮತ್ತೆ ಕಟ್ಟುವುದು ದುರಸ್ತಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯ್ದೆಯೇ ಸ್ಪಷ್ಟವಾಗಿ ಹೇಳುತ್ತದೆ. ಮೀರಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗುತ್ತಿಗೆದಾರರು ಕೆಲಸ ಮುಗಿಸಿ ಹಣ ಪಡೆದು ಹೋಗುತ್ತಾರೆ, ನೋಟಿಸು ಬರುವುದು ಮನೆಯವರ ಹೆಸರಿಗೆ. ಆದ್ದರಿಂದ ಮೊದಲು ಸಿಟಿ ಸರ್ವೆ ನಕಾಶೆ ತೆಗೆಸಿ, ನಿಮ್ಮ ಮನೆ ಎಲ್ಲೆಯಿಂದ ಎಷ್ಟು ಮೀಟರ್ ದೂರದಲ್ಲಿದೆ ಎಂಬುದನ್ನು ಕಾಗದದ ಮೇಲೆ ಖಚಿತಪಡಿಸಿಕೊಳ್ಳಿ. ಕೂಗಳತೆ ಎಂದಿದ್ದೀರಿ, ಅದು 100 ಮೀಟರಿನೊಳಗೇ ಇದೆ ಎಂದು ಹಿಡಿದು ಮುಂದಿನದನ್ನು ಬರೆಯುತ್ತಿದ್ದೇನೆ.

ಇನ್ನು ಅನುದಾನದ ಮಾತು. ಜನ ವಾಸಿಸುತ್ತಿರುವ ಖಾಸಗಿ ಮನೆ ಹಳೆಯದು, ಅಂದವಾದದ್ದು ಎಂಬ ಕಾರಣಕ್ಕೆ ಅದರ ದುರಸ್ತಿಗೆ ಮಾಲೀಕರ ಕೈಗೆ ಹಣ ಕೊಡುವ, ನೀವು ಹೋಗಿ ಅರ್ಜಿ ಹಾಕಬಹುದಾದ ನಿಯತ ಯೋಜನೆ ನಮ್ಮಲ್ಲಿಲ್ಲ. ಕೇಂದ್ರ ಇಲಾಖೆಯ ಹಣ ಸಂರಕ್ಷಿತ ಸ್ಮಾರಕಗಳಿಗೆ. ರಾಜ್ಯದ ಪುರಾತತ್ವ ಇಲಾಖೆಯದು 1961ರ ರಾಜ್ಯ ಕಾಯ್ದೆಯಡಿ ಘೋಷಿತವಾದ ಸ್ಮಾರಕಗಳಿಗೆ. ಬಾದಾಮಿ ‘ಹೃದಯ್’ ಯೋಜನೆಯ 12 ನಗರಗಳಲ್ಲಿ ಒಂದಾಗಿತ್ತು. 2015ರಲ್ಲಿ ಶುರುವಾಗಿ 2019ರ ಮಾರ್ಚಿಗೆ ಮುಗಿದ ಆ ಯೋಜನೆಯೂ ಪಾರಂಪರಿಕ ಊರುಗಳ ಸಾರ್ವಜನಿಕ ಸೌಕರ್ಯಕ್ಕಾಗಿ ಇದ್ದದ್ದು; ಮನೆಮನೆಯ ಮಾಳಿಗೆಗೆ ಅದರಲ್ಲಿ ಜಾಗವಿರಲಿಲ್ಲ.

ವಸತಿ ಯೋಜನೆಗಳ ಕಥೆ ಬೇರೆ. ಅಲ್ಲಿ ಹಣವಿದೆ, ಆದರೆ ಅದು ಹೊಸ ಮನೆಗೆ. ನಗರದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಎರಡನೆಯ ಹಂತ 2024ರಲ್ಲಿ ಶುರುವಾಯಿತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬ ತನ್ನದೇ ಜಾಗದಲ್ಲಿ ಕಟ್ಟಿಕೊಳ್ಳುವ 30ರಿಂದ 45 ಚದರ ಮೀಟರಿನ ಹೊಸ ಮನೆಗೆ ಕೇಂದ್ರದ ಪಾಲು 1.5 ಲಕ್ಷ. ಹಳ್ಳಿಗಳ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಗೆ 1.2 ಲಕ್ಷ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ರಾಜೀವ್ ಗಾಂಧಿ ವಸತಿ ನಿಗಮ ನಡೆಸುವ ಬಸವ ವಸತಿ, ಅಂಬೇಡ್ಕರ್ ನಿವಾಸ, ವಾಜಪೇಯಿ ನಗರ ವಸತಿ ಯೋಜನೆಗಳೂ ಅಡಿಪಾಯದಿಂದ ಹೊಸದಾಗಿ ಕಟ್ಟುವವರಿಗೇ. ಕಂತುಗಳು ಬರುವುದೇ ಹಾಗೆ: ಪಾಯ ಆದಾಗ ಒಂದು, ಲಿಂಟಲ್‌ಗೆ ಬಂದಾಗ ಒಂದು, ಚಾವಣಿಗೆ ಒಂದು. ತೊಲೆಯ ತುದಿ ಬದಲಿಸಿದವರಿಗೆ, ಗೋಡೆಗೆ ಗಚ್ಚು ತುಂಬಿದವರಿಗೆ ಅದರಲ್ಲಿ ಕಂತಿಲ್ಲ.

ಹೀಗೆ ವಸತಿ ಯೋಜನೆ ಹೊಸದು ಕಟ್ಟಿ ಎನ್ನುತ್ತದೆ, ಸ್ಮಾರಕ ಕಾಯ್ದೆ ಹೊಸದು ಕಟ್ಟಬೇಡಿ, ಬೇಕಾದರೆ ದುರಸ್ತಿ ಮಾಡಿಕೊಳ್ಳಿ ಎನ್ನುತ್ತದೆ. ಆ ದುರಸ್ತಿಗೆ ಯಾರೂ ಹಣ ಕೊಡುವುದಿಲ್ಲ. ವಿಜಯಪುರ, ಬಾದಾಮಿ, ಐಹೊಳೆಗಳಲ್ಲಿ ಗುಡಿ, ಗುಮ್ಮಟಗಳ ಮಗ್ಗುಲಲ್ಲಿ ತಲೆಮಾರುಗಳಿಂದ ಬದುಕುತ್ತಿರುವ ಬಡವರೆಲ್ಲ ಈ ಎರಡರ ನಡುವೆ ಸಿಕ್ಕಿಕೊಂಡಿದ್ದಾರೆ. ಇದು ಅನ್ಯಾಯ, ಮತ್ತು ಸರಿಪಡಿಸಬಹುದಾದ ಅನ್ಯಾಯ. ಅಮೆರಿಕದ ಕೃಷಿ ಇಲಾಖೆ ಹಳ್ಳಿಗಾಡಿನಲ್ಲಿ ತೀರ ಕಡಿಮೆ ಆದಾಯದ, 62 ವರ್ಷ ತುಂಬಿದ ಮನೆ ಮಾಲೀಕರಿಗೆ ಅಪಾಯಕಾರಿ ದೋಷಗಳನ್ನು ಸರಿಪಡಿಸಿಕೊಳ್ಳಲೆಂದೇ 10,000 ಡಾಲರ್‌ವರೆಗೆ ಅನುದಾನ ಕೊಡುತ್ತದೆ; ಶೇ 1ರ ಬಡ್ಡಿಯಲ್ಲಿ 40,000 ಡಾಲರ್‌ವರೆಗೆ ದುರಸ್ತಿ ಸಾಲವೂ ಇದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅಹಮದಾಬಾದಿನ ಹಳೆಯ ಊರಿನಲ್ಲಿ, ಪಾರಂಪರಿಕ ಮನೆಯನ್ನು ಉಳಿಸಿಕೊಂಡವರು ಬಳಸದೆ ಬಿಟ್ಟ ಕಟ್ಟಡದ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಿ ಆ ಹಣದಿಂದ ದುರಸ್ತಿ ಮಾಡಿಸಬಹುದು. ವಿಜಯಪುರದಲ್ಲಿಯೂ ಇಂಥದ್ದೊಂದು ಏಕಾಗಬಾರದು ಎಂದು ನಿಮ್ಮ ವಾರ್ಡಿನ ಪಾಲಿಕೆ ಸದಸ್ಯರನ್ನು, ಶಾಸಕರನ್ನು ಲಿಖಿತವಾಗಿ ಕೇಳಿ. ಒಬ್ಬರೇ ಬರೆಯುವುದಕ್ಕಿಂತ ಓಣಿಯವರೆಲ್ಲ ಸಹಿ ಹಾಕಿ ಬರೆದರೆ ಅದಕ್ಕೆ ತೂಕ ಹೆಚ್ಚು.

ಅದು ಆಗುವ ತನಕ ಮಳೆ ಕಾಯುವುದಿಲ್ಲವಲ್ಲ. ನೀವು ತಿಳಿಸಿದ ಲಕ್ಷಣಗಳನ್ನು ನೋಡಿದರೆ ಈ ಮನೆ ಉಳಿಯುವ ಮನೆ, ಮತ್ತು ಕೆಲಸವನ್ನು ಸರಿಯಾದ ಕ್ರಮದಲ್ಲಿ ಹಿಡಿದರೆ ಹೊಸ ಮನೆಗೆ ತಗಲುವಷ್ಟು ಹಣ ಬೇಕಾಗುವುದಿಲ್ಲ.

ನಮ್ಮ ಭಾಗದ ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆಗಳು ಹೆಚ್ಚಾಗಿ ಕುಸಿಯುವುದು ವಯಸ್ಸಿನಿಂದಲ್ಲ, ಭಾರದಿಂದ. ಮಾಳಿಗೆ ಸೋರಿತೆಂದು ಪ್ರತಿ ವರ್ಷ ಮಳೆಗೆ ಮುಂಚೆ ನಾಲ್ಕು ಬುಟ್ಟಿ ಸವುಳು ಮಣ್ಣು ಹೊತ್ತು ಹಾಕುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಇಂಥ ಮಾಳಿಗೆಯನ್ನು ಅಗೆದು ನೋಡಿದರೆ ಕೆಳಗೆ ಬೂದು ಬಣ್ಣದ ಹಳೆಯ ಮಣ್ಣು, ಅದರ ಮೇಲೆ ಕೆಂಪು, ನಡುವೆ ಯಾವಾಗಲೋ ಹಾಸಿ ಮರೆತ ಹರಿದ ಪ್ಲಾಸ್ಟಿಕ್ ಹಾಳೆ, ಮತ್ತೆ ಬಿಳಿ ಮಣ್ಣು, ಹೀಗೆ ಪದರದ ಮೇಲೆ ಪದರ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಒತ್ತಿದ ಒಣ ಮಣ್ಣು ಘನ ಮೀಟರಿಗೆ ಸುಮಾರು 1,600ರಿಂದ 1,800 ಕಿಲೋ ತೂಗುತ್ತದೆ. ಒಂದು ಅಡಿ ದಪ್ಪವಿದ್ದರೆ ಪ್ರತಿ ಚದರ ಮೀಟರಿನ ಮೇಲೆ 500 ಕಿಲೋ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ಮೇಲೆ ಹತ್ತಿರ ಹತ್ತಿರ ಐದು ಟನ್. ಎರಡು ಅಡಿಯಾಗಿದ್ದರೆ ಹತ್ತು ಟನ್. ಇದು ಒಣಗಿದಾಗಿನ ಲೆಕ್ಕ, ನೆನೆದರೆ ಇನ್ನೂ ಹೆಚ್ಚು. ಮುತ್ತಜ್ಜ ಇಡಿಸಿದ ತೊಲೆ ಅಷ್ಟನ್ನು ಹೊರಲು ಇಟ್ಟದ್ದಲ್ಲ.

ಹಾಗಾಗಿ ಮೊದಲ ಕೆಲಸ ಮಾಳಿಗೆಯ ಭಾರ ಇಳಿಸುವುದು. ಕೆಳಗೆ ಪ್ರತಿ ತೊಲೆಗೂ ಗಟ್ಟಿಯಾದ ಆನಿಕೆ ಕೊಟ್ಟ ನಂತರವೇ ಮೇಲೆ ಸಲಿಕೆ ತಾಗಬೇಕು. ಮಣ್ಣನ್ನು ಒಂದೇ ಬದಿಯಿಂದ ತೆಗೆಯುತ್ತ ಹೋಗಬಾರದು, ಎರಡೂ ಕಡೆಯಿಂದ ಸಮನಾಗಿ ತೆಗೆಯಬೇಕು. ತೆಗೆದ ಮಣ್ಣನ್ನು ಮಾಳಿಗೆಯ ಮೂಲೆಯಲ್ಲಿ ಗುಡ್ಡೆ ಹಾಕದೆ ಆಗಿಂದಾಗಲೇ ಕೆಳಗಿಳಿಸಬೇಕು. ಜಂತಿ, ಹಲಗೆಗಳು ಬಯಲಾದ ಮೇಲೆ ತೊಲೆಯ ಪರೀಕ್ಷೆ. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಗೋಣಿ ಹೊಲಿಯುವ ದಬ್ಬಳವನ್ನು, ತೊಲೆ ಗೋಡೆಯೊಳಗೆ ಹೊಗುವ ಜಾಗದಲ್ಲಿ ಅಂಗೈಯ ಬಲದಿಂದ ಚುಚ್ಚಿ. ಗಟ್ಟಿ ಸಾಗವಾನಿ ಕಾಲು ಅಂಗುಲವೂ ಒಳಗೆ ಬಿಡುವುದಿಲ್ಲ. ಸಲೀಸಾಗಿ ಒಂದು ಅಂಗುಲ ಇಳಿದು, ಹೊರಗೆಳೆದಾಗ ಕಂದು ಹುಡಿ ಅಂಟಿ ಬಂದರೆ ಅಷ್ಟು ಭಾಗ ಕೊಳೆತಿದೆ. ಸಾಮಾನ್ಯವಾಗಿ ಕೊಳೆಯುವುದು ಗೋಡೆಯ ತೇವ ಕುಡಿಯುವ ಆ ತುದಿ ಮಾತ್ರ. ನಡುಭಾಗ ಇನ್ನೊಂದು ನೂರು ವರ್ಷಕ್ಕೂ ಗಟ್ಟಿ ಇರುತ್ತದೆ. ಹೀಗಾಗಿ ಇಡೀ ತೊಲೆ ಬದಲಿಸುವ ಅಗತ್ಯವಿಲ್ಲ. ತುದಿಯನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಹಳೆಯ ಮರದ ತುಂಡನ್ನು ಕೂಡಿಸಿ, ಎರಡು ಮಗ್ಗುಲಿಗೂ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿಯುತ್ತಾರೆ. ಇಲ್ಲವೆ ಗೋಡೆಗೆ ತಾಗಿದಂತೆ ಒಂದು ಕಂಬ ನಿಲ್ಲಿಸಿ ಬೋದಿಗೆಯ (ಕಂಬದ ತಲೆಯ ಅಡ್ಡ ಮರದ) ಮೇಲೆ ತೊಲೆಯನ್ನು ಕೂರಿಸುತ್ತಾರೆ. ಬಡಗಿಗಳು ಮನೆಗೆ ಬಂದಾಗ ‘ತೊಲೆ ಪೂರ್ತಿ ಹೋಗಿದೆ’ ಎಂದರೆ, ದಬ್ಬಳ ಕೈಗೆ ಕೊಟ್ಟು ಎಲ್ಲಿ ಹೋಗಿದೆ ತೋರಿಸಿ ಎನ್ನಿ. ಬಿಚ್ಚಿದ ಮನೆಯ ಹಳೆಯ ಸಾಗವಾನಿಗೆ ಒಳ್ಳೆಯ ಬೆಲೆ ಇದೆ ಎಂಬುದು ನೆನಪಿರಲಿ.

ಮತ್ತೆ ಮುಚ್ಚುವಾಗ ಹಲಗೆಯ ಮೇಲೆ ನಾಲ್ಕೈದು ಅಂಗುಲಕ್ಕಿಂತ ಹೆಚ್ಚು ಮಣ್ಣು ಬೇಡ. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚನ್ನು ಬಡಿದು ಕೂರಿಸಿ. ಹತ್ತಡಿಗೆ ಎರಡು ಮೂರು ಅಂಗುಲ ಇಳಿಜಾರು ಇರಲಿ, ನೀರು ಹೊರಬೀಳುವ ದೋಣಿ ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ಚಾಚಿರಲಿ. ಉಬ್ಬಿದ ಗೋಡೆಗೆ ಕಾರಣ ಹುಡುಕಿ ಹೋದರೆ ಹತ್ತರಲ್ಲಿ ಎಂಟು ಸಲ ಸಿಗುವುದು ತುಂಡಾದ ದೋಣಿ.

ಗೋಡೆಯ ವಿಷಯ ಹೇಳುತ್ತೇನೆ. ನಮ್ಮ ಕಲ್ಲಿನ ಗೋಡೆಗೆ ಎರಡು ಮೈ: ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಮಣ್ಣು ಮತ್ತು ಚಿಕ್ಕ ಕಲ್ಲು. ಮೇಲಿನಿಂದ ನೀರಿಳಿದು ನಡುವಿನ ಮಣ್ಣು ಕರಗಿದಾಗ ಹೊರಮೈ ಬೇರೆಯಾಗಿ ಉಬ್ಬುತ್ತದೆ. ತೂಗುಗುಂಡು ಬಿಟ್ಟು ಎಷ್ಟು ಉಬ್ಬಿದೆ ಅಳೆಯಿರಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ, ಆಗ ತಡಮಾಡದೆ ಆನಿಕೆ ಕೊಡಬೇಕು. ಇಂಥ ಗೋಡೆಯನ್ನು ಪೂರ್ತಿ ಬೀಳಿಸದೆ ಒಂದು ಸಲಕ್ಕೆ ಎರಡು ಮೂರು ಅಡಿ ಮಾತ್ರ ಬಿಚ್ಚಿ, ಎರಡೂ ಮೈಗಳನ್ನು ಹಿಡಿದಿಡುವ ಉದ್ದನೆಯ ಕಲ್ಲುಗಳನ್ನು ಅಡ್ಡ ಇಟ್ಟು, ಅವೇ ಕಲ್ಲುಗಳಿಂದ ಮತ್ತೆ ಕಟ್ಟುತ್ತಾರೆ. ಕಾನೂನಿನ ದೃಷ್ಟಿಯಿಂದಲೂ ಇದೇ ಸುರಕ್ಷಿತ ದಾರಿ.

ಇಲ್ಲಿ ಸಿಮೆಂಟ್ ಗಿಲಾವ್ (ಪ್ಲಾಸ್ಟರ್) ಮಾತ್ರ ಬೇಡವೇ ಬೇಡ. ಮಣ್ಣು, ಸುಣ್ಣಗಳ ಗೋಡೆ ನೆಲದಿಂದ ಎಳೆದುಕೊಂಡ ತೇವವನ್ನು ತನ್ನ ಮೈಯಿಂದಲೇ ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿ, ತೇವ ಒಳಗೇ ಏರುತ್ತ ತೊಲೆಯ ತುದಿಗೆ ಮುಟ್ಟುತ್ತದೆ. ಉಪ್ಪು ಹರಳುಗಟ್ಟಿ ಕಲ್ಲಿನ ಮುಖವನ್ನೇ ಹುಡಿ ಮಾಡುತ್ತದೆ. ಸಿಮೆಂಟ್ ಇಲ್ಲದೆ ಗಟ್ಟಿತನವೆಲ್ಲಿ ಎಂದು ಗುತ್ತಿಗೆದಾರರು ಕೇಳಬಹುದು. 1656ರ ಗೋಳಗುಮ್ಮಟ ನಿಂತಿರುವುದು ಸುಣ್ಣದ ಗಚ್ಚಿನಲ್ಲಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಸುಡು ಸುಣ್ಣವನ್ನು ಅರಳಿಸಿ, ನೀರಿನಡಿ ಕೆಲವು ವಾರ ಕೊಳೆಯಲು ಬಿಟ್ಟು, ಒಂದು ಪಾಲಿಗೆ ಮೂರು ಪಾಲು ಮರಳು ಬೆರೆಸಿ ಬಳಸಬೇಕು. ಬಳಿದ ಮೇಲೆ ಒಂದು ವಾರವಾದರೂ ತೇವದ ಗೋಣಿ ತಾಟು ಹೊದಿಸಿಡಬೇಕು. ಈ ಕೆಲಸ ಬಲ್ಲವರು ಇನ್ನೂ ಇದ್ದಾರೆ. ವಿಜಯಪುರ, ಬಾದಾಮಿ, ಪಟ್ಟದಕಲ್ಲುಗಳ ಸ್ಮಾರಕಗಳ ಸಂರಕ್ಷಣೆಯಲ್ಲಿ ದಿನಗೂಲಿಗೆ ದುಡಿದ ಗೌಂಡಿಗಳನ್ನು ಹುಡುಕಿ. ಹಿತ್ತಿಲ ಗೋಡೆಯ ಒಂದು ಮೂಲೆಯಲ್ಲಿ ಮಾಡಿ ತೋರಿಸಲು ಹೇಳಿ, ಅದು ಒಣಗಿ ಬಿರುಕು ಬಿಡದಿದ್ದರೆ ಮುಂದಿನ ಕೆಲಸ ಒಪ್ಪಿಸಿ. ಅಂದಾಜು ಪಟ್ಟಿಗೆ, ನಕ್ಷೆಗೆ ಜಿಲ್ಲಾ ನಿರ್ಮಿತಿ ಕೇಂದ್ರವನ್ನೂ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗವನ್ನೂ ಕೇಳಬಹುದು. 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆ ಸಂರಕ್ಷಣೆಯ ಪಟ್ಟಿಯಲ್ಲಿಲ್ಲದ ಹಳೆಯ ಕಟ್ಟಡಗಳ ಬಗ್ಗೆಯೇ ಕಾಳಜಿ ವಹಿಸುವಂಥದ್ದು. ಮಾರ್ಗದರ್ಶನ ಕೇಳಿ ಅವರಿಗೂ ಬರೆಯಿರಿ.

ಹಣಕ್ಕೆ ಬರೋಣ. ಬ್ಯಾಂಕುಗಳು ಮನೆ ದುರಸ್ತಿಗೆ ಸಾಲ ಕೊಡುತ್ತವೆ, ಆದರೆ ಅಜ್ಜನ ಹೆಸರಿನ ಉತಾರ ಹಿಡಿದು ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರುಗಳನ್ನು ದಾಖಲೆಗೆ ಸೇರಿಸಿ, ಇ-ಖಾತೆ ತೆಗೆಸಿ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ನಿಮ್ಮ ಅತ್ತೆ ಆ ಮನೆಯಲ್ಲಿ ಯಾರ ಹಂಗಿನಲ್ಲೂ ಇಲ್ಲ. ಅವರು ಅಜ್ಜನ ಮಗಳು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟು ಹಕ್ಕಿದೆ. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಲಿ ಇಲ್ಲದಿರಲಿ ಈ ಹಕ್ಕು ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ವಾರಸಾ ಅರ್ಜಿಯಲ್ಲಿ ಅವರ ಹೆಸರು ಇರಲೇಬೇಕು. ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ.

ದುರಸ್ತಿ ಸಾಲದ ಬಡ್ಡಿಗೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಾದರೆ, ಸ್ವಂತ ವಾಸದ ಮನೆಗೆ ವರ್ಷಕ್ಕೆ 30,000 ರೂಪಾಯಿವರೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಪ್ರವಾಸಿಗರು ಬರುವ ಊರು ನಿಮ್ಮದು. ಮನೆಯ ಮುಂಭಾಗವನ್ನು ಮುಂದೆ ಹೋಂಸ್ಟೇ ಮಾಡುವ ಯೋಚನೆ ಇದ್ದರೆ, ಅದಕ್ಕೆ ಮುದ್ರಾ ಸಾಲ ಕೊಡುವುದಾಗಿ 2025–26ರ ಕೇಂದ್ರ ಬಜೆಟ್ ಹೇಳಿದೆ. ಆದರೆ ಮಾಳಿಗೆ ಭದ್ರವಾಗುವ ತನಕ ಆ ಕಡೆ ನೋಡಬೇಡಿ.

ಅತ್ತೆಗೆ ಆವಾಸ್ ಯೋಜನೆ ಪೂರ್ತಿ ಮುಚ್ಚಿದ ಬಾಗಿಲಲ್ಲ. ಸ್ಮಾರಕದ ಎಲ್ಲೆಯಿಂದ 300 ಮೀಟರಿನಾಚೆ ಕುಟುಂಬಕ್ಕೆ ಬೇರೊಂದು ನಿವೇಶನ ಇದ್ದು, ಅದು ಅವರ ಹೆಸರಿಗೆ ಬಂದರೆ ಅಲ್ಲಿ ಅವರು ಅರ್ಹರಾಗಬಹುದು. ಆದರೆ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಬೇರೆ ವಸತಿ ಯೋಜನೆಯ ಲಾಭ ಪಡೆದಿರಬಾರದು ಎಂಬ ಷರತ್ತುಗಳಿವೆ. ಹಳೆಯ ಮನೆಯ ಪಾಲು ಅವರ ಹೆಸರಿಗೆ ಬಂದಾಗ ಈ ಪ್ರಶ್ನೆ ಏಳುತ್ತದೆ, ಆದ್ದರಿಂದ ವಾಟ್ನಿ ಪತ್ರ ಬರೆಸುವ ಮುನ್ನ ಪಾಲಿಕೆಯ ವಸತಿ ವಿಭಾಗದಲ್ಲಿ ವಿಚಾರಿಸಿ. ನನ್ನ ಅಭಿಪ್ರಾಯ ಕೇಳಿದರೆ, ರೊಟ್ಟಿಯ ಗಿರಾಕಿಗಳಿರುವ ಓಣಿ ಬಿಟ್ಟು ಊರಾಚೆಗೆ ಹೋಗುವುದು ಅವರಿಗೆ ನಷ್ಟ. ಹಿಂದಿನ ಎರಡು ಕೋಣೆಗಳ ಮಾಳಿಗೆಯನ್ನೇ ಮೊದಲು ಸರಿಮಾಡಿಸಿ, ಪಡಸಾಲೆ ಆಮೇಲೆ.

ಇನ್ನೊಂದು ಸಂಗತಿ ಬಹಳ ಜನ ಕೈಬಿಡುತ್ತಾರೆ. ಮಳೆಗೆ ಗೋಡೆ ಬಿದ್ದರೆ ಕಲ್ಲು ಸರಿಸುವ ಮೊದಲು ಫೋಟೋ ತೆಗೆದು, ಅದೇ ದಿನ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಪಂಚನಾಮೆ ಮಾಡಿಸಿ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ಪೂರ್ಣ ಅಥವಾ ತೀವ್ರವಾಗಿ ಹಾನಿಯಾದ ಮನೆಗೆ 1.2 ಲಕ್ಷ, ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ಪೂರ್ಣ ಬಿದ್ದ ಮನೆಗೆ 5 ಲಕ್ಷ ಕೊಟ್ಟಿತ್ತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಗ ಪರಿಹಾರದ ಆಸೆಗೆ ನಿಲ್ಲಬಹುದಾಗಿದ್ದ ಮನೆಗಳನ್ನೂ ಬಿಚ್ಚಿ, ಕಂತು ಬರುವುದು ತಡವಾಗಿ ಶೆಡ್ಡಿನಲ್ಲಿ ಕಾಲ ಕಳೆದವರಿದ್ದಾರೆ.

ಕೊನೆಯದಾಗಿ ಅನುಮತಿ. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆಗೆ ಅರ್ಜಿ ಹೋಗುವುದು ರಾಜ್ಯದ ಸಕ್ಷಮ ಪ್ರಾಧಿಕಾರದ ಮೂಲಕ, ಆನ್‌ಲೈನಿನಲ್ಲಿ. ಮನೆ 1992ಕ್ಕಿಂತ ಮೊದಲಿನದು ಎಂಬುದಕ್ಕೆ ಹಳೆಯ ಸಿಟಿ ಸರ್ವೆ ಉತಾರ, ಕರ ಪಾವತಿ, ವಿದ್ಯುತ್ ಬಿಲ್ಲು, ಮದುವೆಯ ಫೋಟೋ ಏನೇ ಇದ್ದರೂ ಸೇರಿಸಿ. ಈಗಿನ ಎತ್ತರ, ಉದ್ದಗಲ ತೋರಿಸುವ ನಕ್ಷೆ ಮತ್ತು ನಾಲ್ಕೂ ಕಡೆಯ ಫೋಟೋ ಇರಲಿ. ಯಾವ ತೊಲೆ, ಯಾವ ಗೋಡೆ ಎಂದು ಕೆಲಸವನ್ನು ಬಿಡಿಬಿಡಿಯಾಗಿ ಬರೆಯಿರಿ, ಎತ್ತರ ಹೆಚ್ಚುವುದಿಲ್ಲ ಎಂಬುದನ್ನೂ ಬರೆಯಿರಿ. ಕಾಯ್ದೆಯ ಪ್ರಕಾರ ಅರ್ಜಿ 15 ದಿನದಲ್ಲಿ ರಾಷ್ಟ್ರೀಯ ಪ್ರಾಧಿಕಾರಕ್ಕೆ ಹೋಗಬೇಕು, ಅವರ ಅಭಿಪ್ರಾಯಕ್ಕೆ ಎರಡು ತಿಂಗಳು, ಆಮೇಲೆ ಸಕ್ಷಮ ಪ್ರಾಧಿಕಾರದ ಆದೇಶಕ್ಕೆ ಒಂದು ತಿಂಗಳು. ಒಟ್ಟು ಮೂರೂವರೆ ತಿಂಗಳು. ಮೃಗಶಿರಾ ಮಳೆಗೆ ಮುಂಚೆ ಮಾಳಿಗೆ ಮುಚ್ಚಬೇಕಾದರೆ ಸಂಕ್ರಾಂತಿಯ ಹೊತ್ತಿಗೆ ಅರ್ಜಿ ಹೋಗಿರಬೇಕು. ನಡುವೆ ಗೋಡೆಗೆ ಆನಿಕೆ ಕೊಡುವುದು, ಮಾಳಿಗೆಗೆ ತಾಡಪತ್ರಿ ಹೊದಿಸುವುದು ಕಾಯಬಾರದ ಕೆಲಸಗಳು. ಅವನ್ನು ಮಾಡುತ್ತಿದ್ದೇವೆ ಎಂದು ಪುರಾತತ್ವ ಇಲಾಖೆಯ ಸ್ಥಳೀಯ ಕಚೇರಿಗೆ ಒಂದು ಪತ್ರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.